ಹೂಳುವ ತುದಿ

ಜನವರಿ 6, 2025. ಸೋಮವಾರ

ನಾಲ್ಕನೇ ಅಧ್ಯಾಯದ ಪ್ರೂಫ್ ಮುಗಿಯಿತು. ಅಂದರೆ ಮುಗಿಯಲಿಲ್ಲ, ಬಿಪಿ ಮಾತ್ರೆಯ ಹೊತ್ತಾಯಿತು. ಪ್ರಕಾಶಕರ ಕಡೆಯ ಎಡಿಟರ್ ಪುಟಕ್ಕೆ ನಾಲ್ಕು ಪ್ರಶ್ನೆ ಹಾಕಿದ್ದಾಳೆ. "ಕೋರೆ ಎನ್ನಬೇಕೇ, ಕ್ವಾರಿ ಎನ್ನಬೇಕೇ?" ಕಾರ್ಕಳದಲ್ಲಿ ಬಸ್ಸಿಳಿದು ಯಾರನ್ನಾದರೂ ಕೇಳು ಮಾರಾಯ್ತಿ. ಕೋರೆ.

ಒಂದು ಪ್ರಶ್ನೆ ಮಾತ್ರ ಇಷ್ಟವಾಯಿತು. "ವಕ್ತೃ 14 ಕಣ್ಣೆದುರೇ ಕೂತು ಮಾತಾಡಿದಂತಿದೆ. ಅವರ ನಿಜವಾದ ಹೆಸರೇನು?" ಅಂಚಿನಲ್ಲಿ ಬರೆದೆ — "ಯಾರಿಗೂ ತಿಳಿಯುವಂತಿಲ್ಲ. ಹಾಗೆಂದೇ ಮಾಡಿದ್ದು." ಬರೆದ ಮೇಲೆ ಸ್ವಲ್ಪ ಜಂಬವೂ ಬಂತು. ಹೌದು, ಬಂತು.

ಒಂಬತ್ತು ವರ್ಷ. ಕಾರ್ಕಳದ ಗುಡ್ಡಗಳು ಹೇಗೆ ಕರಗಿದವು, ಯಾರು ಒಡೆದರು, ಒಡೆದವರ ಎದೆಗೆ ಏನಾಯಿತು, ಸುತ್ತಲಿನ ಬಾವಿಗಳಿಗೆ ಏನಾಯಿತು. ನನಗೆ ತಮ್ಮ ಕಥೆ ಹೇಳಿದವರು ಮೂವತ್ತೊಂದು ಜನ. ಒಬ್ಬರ ಹೆಸರೂ ಪುಸ್ತಕದಲ್ಲಿಲ್ಲ, ಬರೀ ವಕ್ತೃ ಸಂಖ್ಯೆ. ಕೋರೆಗಳ ಹೆಸರೂ ಇಲ್ಲ. ಮೇ ಕೊನೆಗೆ ನನ್ನ ರಿಟೈರ್‌ಮೆಂಟ್. ಅಷ್ಟರೊಳಗೆ ಪುಸ್ತಕ ಕೈಗೆ ಬಂದರೆ ಸಾಕು.

ಮಣಿಪಾಲದ ಯುನಿವರ್ಸಿಟಿಯಿಂದ ವಾಪಸು ಬರುವಾಗ ಬಸ್ಸಲ್ಲಿ ಸೀಟಿಲ್ಲ. ಕಡಿಯಾಳಿವರೆಗೂ ನಿಂತೇ ಬಂದೆ. ಮೊಣಕಾಲ ಗಂಟು ನೋವು.

ಜನವರಿ 9. ಗುರುವಾರ. ಸಂಜೆ 6

ಗೊತ್ತಿಲ್ಲದ ನಂಬರಿನಿಂದ ಫೋನ್. "ಅಕ್ಕಾರ, ನಾ ಶರಣಮ್ಮರೀ. ಕೋರ್ಯಾಗ ನಿಮ್ಮ ಕೂಡ ಮಾತಾಡತಿದ್ರಲ್ರೀ, ಅವರ ಮನಿಯಾಕಿ."

ಗಂಡನ ಹೆಸರು ಹೇಳುವುದಿಲ್ಲ ಅವಳು. ಆದರೂ ಗೊತ್ತಾಯಿತು. ರೇವಪ್ಪ. ನನ್ನ ವಕ್ತೃ 14. ನಾನು ಅತ್ತ ಹೋಗದೆ ಐದು ವರ್ಷ! ಹೋಗಬೇಕು ಹೋಗಬೇಕು ಎನ್ನುತ್ತಲೇ...

"ಅವರಿಗೆ ಬಾಳ ತ್ರಾಸ ಐತ್ರಿ. ನಿಮ್ಮನ್ನ ನೋಡ್ಬೇಕಂತಾರ. ನಿಮ್ಮ ಕಡಿಂದ ಒಂದ ಕೆಲಸ ಆಗ್ಬೇಕಂತ."

ಶನಿವಾರ ಬರುತ್ತೇನೆ ಎಂದೆ.

ಜನವರಿ 11. ಶನಿವಾರ

ಕಾರ್ಕಳ. ಕ್ರಷರಿನ ಹಿಂದಿನ ಅದೇ ಸಾಲುಮನೆ. ಎದುರಿದ್ದ ಗುಡ್ಡ ಈಗ ಇಲ್ಲ. ಅದರ ಜಾಗದಲ್ಲಿ ಹಸಿರು ನೀರಿನ ದೊಡ್ಡ ಹೊಂಡ, ಸುತ್ತ ಮುಳ್ಳುತಂತಿ. ಮಣಿಪಾಲದ ಮಕ್ಕಳು ಬೈಕಿನಲ್ಲಿ ಬಂದು ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರಂತೆ.

ರೇವಪ್ಪನನ್ನು ನೋಡಿ ಗುರುತೇ ಸಿಗಲಿಲ್ಲ. ಹುನಗುಂದದ ಕಡೆಯಿಂದ ಇಪ್ಪತ್ತೆಂಟನೇ ವಯಸ್ಸಿಗೆ ಬಂದು, ಇಪ್ಪತ್ತು ವರ್ಷ ಜಾಕ್ ಹ್ಯಾಮರ್ ಹಿಡಿದು ಬಂಡೆಗೆ ತೂತು ಕೊರೆದ ಆಳು. ಆಗ ಭುಜ ನೋಡಿದರೆ ಬಾಗಿಲು ತುಂಬುತ್ತಿತ್ತು. ಈಗ ಮಲಗಲಿಕ್ಕೂ ಆಗುವುದಿಲ್ಲ. ಮಲಗಿದರೆ ಉಸಿರು ನಿಲ್ಲುತ್ತದೆ. ಮಡಚಿಟ್ಟ ಹಾಸಿಗೆಗೆ ಒರಗಿ ಕೂತೇ ಇರುತ್ತಾನೆ, ಹಗಲೂ ರಾತ್ರಿಯೂ.

ಮೂರು ಸಲ ಟಿಬಿ ಮಾತ್ರೆ ತಿನ್ನಿಸಿದ್ದಾರೆ. ಗುಣವಾಗಲಿಲ್ಲ. ಈಗೊಬ್ಬ ಡಾಕ್ಟರು ಎಕ್ಸ್‌ರೇ ನೋಡಿ, ಇದು ಟಿಬಿ ಅಲ್ಲ, ಕಲ್ಲಿನ ಧೂಳು ಅಂದರಂತೆ. ಆದರೆ ಹಾಗೆಂದು ಸರ್ಕಾರದ ಮೆಡಿಕಲ್ ಬೋರ್ಡಿನವರು ಬರೆದುಕೊಡಬೇಕು. ಅವರು ಬರೆಯಬೇಕಾದರೆ ಯಾವ ಕೋರೆಯಲ್ಲಿ ಎಷ್ಟು ವರ್ಷ ಎಂಬುದಕ್ಕೆ ಪುರಾವೆ ಬೇಕು. ಬರೆದರೆ ಪಿಂಚಣಿ, ಅದು ಸರಿ. ರೇವಪ್ಪನಿಗೆ ಬೇಕಾದದ್ದು ಬೇರೆ. ಹೊಸ್ತಿಲ ಆಚೆ ನಾಲ್ಕು ವರ್ಷದ ಮೊಮ್ಮಗಳು ನಿಂತಿದ್ದಳು. ಸೊಸೆ ಒಳಗೆ ಬಿಡುವುದಿಲ್ಲ. ಇವನ ಲೋಟಕ್ಕೆ ಕೆಂಪು ದಾರ ಕಟ್ಟಿದ್ದಾರೆ, ಬೇರೆಯವರು ಮುಟ್ಟದ ಹಾಗೆ.

"ಅಂಟೂ ರೋಗ ಅಲ್ಲಂತ ಒಂದ ಕಾಗದ ಬಂದ್ರ ಸಾಕ್ರೀ ಅಕ್ಕಾರ. ಕೂಸಿನ್ನ ತೊಡಿ ಮ್ಯಾಲ ಕುಂದರಿಸ್ಕೋತೀನಿ." ನಡುವೆ ನಾಲ್ಕು ಸಲ ನಿಂತು ಉಸಿರೆಳೆದುಕೊಂಡ. "ನಿಮ್ಮ ಹಂತೇಕ ಐತೆಲ್ರೀ ಎಲ್ಲಾ. ನಾ ಮಾತಾಡಿದ್ದು. ಆ ಡಬ್ಬ್ಯಾಗ. ಕೋರಿ ಹೆಸರು, ಮೇಸ್ತ್ರಿ ಹೆಸರು, ಎಲ್ಲಾ ಹೇಳೀನಿ."

ಹೌದು, ಹೇಳಿದ್ದ. ರೆಕಾರ್ಡರಿನ ಮುಂದೆ ಹದಿನಾರು ಗಂಟೆ ಹೇಳಿದ್ದ.

"ಉಂಟು ರೇವಪ್ಪ" ಎಂದೆ.

ಸುಳ್ಳು. ಯಾಕೆ ಹಾಗೆ ಬಾಯಿಂದ ಬಂತೋ!

ಜನವರಿ 12. ಭಾನುವಾರ

ಚರ್ಚಿನ ಪೂಜೆಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಕಪಾಟು ಹುಡುಕಿದೆ, ಇಲ್ಲವೆಂದು ಗೊತ್ತಿದ್ದೂ.

ಸಿಕ್ಕಿದ್ದು ಒಂದೇ ಹಾಳೆ. ಸೆಪ್ಟೆಂಬರ್ 2019. "ಧ್ವನಿಮುದ್ರಣಗಳನ್ನೂ, ವಕ್ತೃಗಳ ಹೆಸರು-ಸಂಖ್ಯೆಗಳ ಪಟ್ಟಿಯನ್ನೂ, ಕ್ಷೇತ್ರಕಾರ್ಯದ ನೋಟ್‌ಬುಕ್‌ಗಳನ್ನೂ ಸಂಪೂರ್ಣವಾಗಿ ನಾಶಪಡಿಸಿರುತ್ತೇನೆ." ನನ್ನ ಸಹಿ. ಕೆಳಗೆ ಎಥಿಕ್ಸ್ ಕಮಿಟಿಯ ಪರವಾಗಿ ನಳಿನಾಕ್ಷಿಯ ಸಹಿ. ನೋಟ್‌ಬುಕ್ಕುಗಳನ್ನು ಡಿಪಾರ್ಟ್‌ಮೆಂಟಿನ ಹಿಂದೆ ನಾನೇ ಸುಟ್ಟದ್ದು. ಬೂದಿಯನ್ನು ಕೋಲಿನಿಂದ ಕೆದಕಿ, ಅಕ್ಷರ ಉಳಿದಿದೆಯೋ ಎಂದು ಬೇರೆ ನೋಡಿದ್ದೆ. ಕಮಿಟಿ ಹೊಗಳಿತ್ತು. ಬೇರೆಯವರು ನನ್ನನ್ನು ನೋಡಿ ಕಲಿಯಬೇಕೆಂದು ಸರ್ಕ್ಯುಲರ್ ಕೂಡ ಬಂದಿತ್ತು.

ಕಾರಣವಿತ್ತು. ಇಲ್ಲವೆಂದಲ್ಲ. 2017ರಲ್ಲಿ ಮುತ್ತುರಾಜ ಎಂಬ ಕೆಲಸಗಾರ ಪೇಪರಿನವರಿಗೆ ಎರಡು ಮಾತು ಹೇಳಿದ. ಮರುದಿನ ಸಂಜೆಗೆ ಅವನ ಪಾತ್ರೆಪಗಡೆಯೆಲ್ಲ ರಸ್ತೆಯಲ್ಲಿ. ಹೆಂಡತಿ ಮಕ್ಕಳ ಸಮೇತ ಕೋರೆಯವರು ಲಾರಿಗೆ ಹತ್ತಿಸಿ ಕಳಿಸಿದರು. ಎಲ್ಲಿಗೆಂದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ನನಗೆ ಹೆದರಿಕೆ. ನನ್ನ ಪುಸ್ತಕದಿಂದ ಇನ್ನೊಬ್ಬನ ಒಲೆ ಆರಬಾರದು ಎಂದುಕೊಂಡೆ.

ಆದರೆ ರೇವಪ್ಪ ಅವತ್ತೇ ಹೇಳಿದ್ದ. "ನನ್ನ ಹೆಸರ ಹಾಕ್ರಿ ಅಕ್ಕಾರ. ನಾ ಯಾರಿಗೂ ಅಂಜೂದಿಲ್ಲ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಓದಿದವಳಲ್ಲವೇ. ಅವನ ಒಳ್ಳೆಯದು ಅವನಿಗಿಂತ ನನಗೇ ಹೆಚ್ಚು ಗೊತ್ತಿತ್ತು.

ಜನವರಿ 16. ಗುರುವಾರ

ನಳಿನಾಕ್ಷಿಯ ಚೇಂಬರ್. ಇಪ್ಪತ್ತು ವರ್ಷದ ಗೆಳತಿ, ಆದರೂ ಬಾಗಿಲು ಹಾಕಿಕೊಂಡು ಮಾತಾಡಿದಳು.

"ನೀನು ಈಗ ಹೋಗಿ ಹದಿನಾಲ್ಕು ಅಂದ್ರೆ ಇಂಥವ ಅಂತ ಹೇಳಿದ್ರೆ, ಉಳಿದ ಮೂವತ್ತು ಜನರ ಕಥೆ ಎಂತ? ನಾಳೆ ಕೋರೆಯವರು ಹದಿನೈದು ಯಾರು ಅಂತ ಕೇಳಿದ್ರೆ?"

"ಅವನೇ ಹೇಳು ಅನ್ನುತ್ತಿದ್ದಾನೆ."

"ಹಾಗಾದ್ರೆ ಹೇಳು. ನಾನು ಬೇಡ ಹೇಳುವುದಿಲ್ಲ. ಆದ್ರೆ ತೋರಿಸ್ಲಿಕ್ಕೆ ನಿನ್ನ ಹತ್ರ ಎಂತ ಉಂಟು ಮಾರಾಯ್ತಿ?"

ಏನೂ ಇಲ್ಲ. ಕ್ಯಾಂಟೀನಿನಲ್ಲಿ ಚಾ ಕುಡಿಸಿದಳು. ಬನ್ಸ್ ತಿನ್ನಲು ಆಗಲಿಲ್ಲ.

ಜನವರಿ 29. ಬುಧವಾರ

ಉಡುಪಿಯಲ್ಲಿ ಬೋರ್ಡಿನ ಕಚೇರಿ. ಅಧಿಕಾರಿ ಪ್ರತೀಕ್ ಎಂದು. ಒರಟನಲ್ಲ, ಕುರ್ಚಿ ಕೊಟ್ಟ. ನನ್ನ ಪತ್ರ ಓದಿದ. ನಾಲ್ಕನೇ ಅಧ್ಯಾಯದ ಪ್ರೂಫನ್ನೂ ಪೂರ್ತಿ ಓದಿದ. ಅಷ್ಟು ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ.

"ಮೇಡಂ, ನೀವು ಬರೆದದ್ದು ತುಂಬಾ ಚೆಂದ ಉಂಟು. ಆದ್ರೆ ಇದರಲ್ಲಿ ಈ ಹದಿನಾಲ್ಕನೆಯವರು ಸೇಲಂ ಕಡೆಯವರು. ಪ್ರಾಯ ನಲ್ವತ್ತು. ಮದುವೆ ಆಗ್ಲಿಲ್ಲ. ನಿಮ್ಮ ರೇವಪ್ಪ ಬಾಗಲಕೋಟೆಯವರು, ಪ್ರಾಯ ಐವತ್ತೆಂಟು, ಹೆಂಡತಿ ಮಗ ಎಲ್ಲ ಇದ್ದಾರೆ."

"ಅದು ಗುರುತು ಸಿಗಬಾರದೆಂದು ನಾನೇ ಬದಲಿಸಿದ್ದು."

"ಹೌದಾ." ಪ್ರೂಫನ್ನು ನನ್ನ ಕಡೆ ಸರಿಸಿದ. "ಹಾಗಾದ್ರೆ ಇವರು ಅವರೇ ಅಂತ ಯಾರಿಗೆ ಗೊತ್ತು?"

ನನಗೆ. ನನಗೊಬ್ಬಳಿಗೆ.

ಸೇಲಂ ಎಂದು ಹಾಕಿದ ದಿನ ನೆನಪಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಫೆಬ್ರವರಿ 14. ಶುಕ್ರವಾರ

ಎರಡು ವಾರದಿಂದ ಹಾಜರಿ ಪುಸ್ತಕಗಳ ಬೆನ್ನು ಹತ್ತಿದ್ದೇನೆ. ಆ ಕೋರೆಯಲ್ಲಿ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರು ಈಗ ಹೆಬ್ರಿ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಪಾಪ, ಅಟ್ಟದಿಂದ ಗಂಟು ಇಳಿಸಿ ಕೊಟ್ಟರು. ಗೆದ್ದಲು ತಿಂದು ಉಳಿದದ್ದು 1998ರ ಮೂರು ತಿಂಗಳು.

"ಗಂ. 12, ಹೆ. 7. ಗಂ. 11, ಹೆ. 7. ಗಂ. 12, ಹೆ. 6."

ಪುಟದಿಂದ ಪುಟಕ್ಕೆ ಅಷ್ಟೇ. ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು. ಎರಡನೇ ಅಧ್ಯಾಯದಲ್ಲಿ ಇದರ ಬಗ್ಗೆ ಆರು ಪುಟ ಬರೆದಿದ್ದೇನೆ, ಬಹಳ ಸಿಟ್ಟಿನಿಂದ. ಕೆಲಸಗಾರನ ಹೆಸರನ್ನೂ ಬರೆಯದ ವ್ಯವಸ್ಥೆ ಎಂದು. ಅದೇ ಪುಸ್ತಕದಲ್ಲಿ ಎರಡು ಅಧ್ಯಾಯ ಮುಂದೆ ವಕ್ತೃ 14.

ಫೆಬ್ರವರಿ 22

ಶರಣಮ್ಮನ ಫೋನ್ ಎರಡು ಸಲ. ಎತ್ತಲಿಲ್ಲ. ಹೇಡಿ.

ಮಾರ್ಚ್ 5. ಬುಧವಾರ

ವಿಭೂತಿ ಬುಧವಾರ. ಬೆಳಿಗ್ಗೆ ಇಗರ್ಜಿಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಹಾಗೆಯೇ ಕಾರ್ಕಳದ ಬಸ್ಸು ಹತ್ತಿದೆ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನಿಸಿತು.

ಬಾಗಿಲಲ್ಲೇ ಶರಣಮ್ಮ. "ಅಯ್ಯ, ಅಕ್ಕಾರ, ಹಣಿ ಮ್ಯಾಲ ಧೂಳ ಹತ್ತೇತಿ" ಎಂದು ಸೆರಗಿನ ತುದಿಯಿಂದ ಒರೆಸಿಯೇಬಿಟ್ಟಳು. ನಾನು ಬೇಡ ಎನ್ನಲಿಲ್ಲ.

ರೇವಪ್ಪ ಇನ್ನೂ ಇಳಿದು ಹೋಗಿದ್ದಾನೆ. ಎದೆಯೊಳಗೆ ಗೊರಗೊರ ಸದ್ದು, ಹೊರಗಿನಿಂದಲೇ ಕೇಳುತ್ತದೆ. ನನ್ನನ್ನು ಕಂಡು ಮುಖ ಅರಳಿತು. "ಡಬ್ಬಿ ತಂದೀರೇನ್ರಿ? ಒಮ್ಮಿ ಕೇಳಸ್ರಿ. ಈ ಗೊರಗೊರ ಇಲ್ಲದ ದನಿ. ನಾ ಹೆಂಗ ಮಾತಾಡತಿದ್ದೆ... ಕೂಸು ಕೇಳಿಲ್ಲ." ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದನಂತೆ. ಮೂವರು ಬಾಗಿಲಲ್ಲಿ ಬಂದು ನಿಂತರು, ಕೇಳಲಿಕ್ಕೆ.

ಹೇಳಿದೆ. ಅಳಿಸಿದೆ ಎಂದೆ. ನೋಟ್‌ಬುಕ್ ಸುಟ್ಟೆ ಎಂದೆ. ಪುಸ್ತಕದಲ್ಲಿ ನೀವು ಹದಿನಾಲ್ಕು ಎಂಬ ನಂಬರು, ಊರು ಸೇಲಂ ಎಂದೆ. ಯಾಕೆಂದು ಹೇಳಲು ಹೋದೆ. ಅವನ ಎದುರು ನಾನು ಅತ್ತೆ. ಅಳಬೇಕಾದವನು ಅವನು.

ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಹೋದರು. ಆಮೇಲೆ ರೇವಪ್ಪ ನಕ್ಕ, ಕೆಮ್ಮು ಬರುವವರೆಗೂ ನಕ್ಕ. "ಮೇಸ್ತ್ರೀನೂ ಹಂಗ ಬರೀತಿದ್ದ ಬಿಡ್ರಿ. ಗಂಡಾಳು ಹನ್ನೆರಡು. ನೀವು ಎರಡು ಹೆಚ್ಚಿಗಿ ಹಾಕೀರಿ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಹೊರಡುವಾಗ ಕೈಸನ್ನೆ ಮಾಡಿ ಕರೆದ. ಬೆರಳಿನಿಂದ ನೆಲದ ಮೇಲೆ ಮೂರು ಗೆರೆ ಎಳೆದ. ಮೇಲೊಂದು ಚುಕ್ಕೆ ಒತ್ತಿದ. "ನನ್ನ ಗುರತು. ನಿಮಗ ಹೇಳಿದ್ನೆಲ್ರೀ."

ಹೇಳಿದ್ದ. ನಾಲ್ಕನೇ ಅಧ್ಯಾಯದಲ್ಲಿ ಅದೂ ಇದೆ, ಚಿತ್ರ ಸಮೇತ. ಬೇಲಿಗೆ ಕಲ್ಲಿನ ಕಂಬ ಸೀಳುವವರು ಒಬ್ಬೊಬ್ಬರೂ ತಮ್ಮ ಗುರುತು ಕೆತ್ತುತ್ತಿದ್ದರು. ಸಂಜೆ ಮೇಸ್ತ್ರಿ ಬಂದು ಯಾರದ್ದು ಎಷ್ಟೆಂದು ನೋಡಲಿಕ್ಕೆ. ಕೆತ್ತುವುದು ಮಾತ್ರ ಕೆಳಗಿನ ತುದಿಗೆ, ಮಣ್ಣಲ್ಲಿ ಹೂಳುವ ತುದಿಗೆ. ಕೊಂಡವರ ಕಣ್ಣಿಗೆ ಬೀಳಬಾರದು. ರೇವಪ್ಪನದು ಮೂರು ಗೆರೆ, ಒಂದು ಗುಳಿ. ಮೂವರು ತಂಗಿಯರು, ಒಬ್ಬ ಅಣ್ಣ, ಅಂದರೆ ತಾನು.

"ತೊಂಬತ್ತೆಂಟರಾಗ ಕಾಪು ಕಡೆ ನಾಕ ಲಾರಿ ಕಂಬ ಹೋದವು. ಮಳಿ ಹಿಡಿದು ತೂತ ಕೊರಿಯೋ ಬೋರ್ ಕೆಲಸ ನಿಂತಿತ್ತು, ನಾನೂ ಕಂಬ ಸೀಳಿದ್ದೆ. ಕಲ್ಲ ಸುಡಾಕ ಬರೂದಿಲ್ರೀ ಅಕ್ಕಾರ."

ಮಾರ್ಚ್ 9. ಭಾನುವಾರ. ಮಧ್ಯಾಹ್ನ

ಕಾಪು. ತಮ್ಮ ಡೆರಿಕ್‌ನ ತೆಂಗಿನ ತೋಟ. ಪಪ್ಪ ಬೇಲಿ ಹಾಕಿಸಿದ್ದು 98ರ ಮಳೆಗಾಲ ಕಳೆದ ಮೇಲೆ, ಕಾರ್ಕಳದ ಕಂಬ ಎಂದು ನನಗೆ ನೆನಪಿತ್ತು. ಬೆಳಿಗ್ಗೆಯೇ ಹಾರೆ ತೆಗೆದುಕೊಂಡು ಹೋದೆ.

ಡೆರಿಕ್ ಇಪ್ಪತ್ತೆರಡು ವರ್ಷ ದೋಹಾದಲ್ಲಿದ್ದು ಬಂದವ, ಏನಕ್ಕೂ ಅವಸರವಿಲ್ಲ. ಅಂಗಳದಲ್ಲಿ ನಿಂತು ನೋಡಿದ. "ಎಂತ ಬಾಯ್, ರಿಟೈರ್ ಆಗುವ ಮೊದಲೇ ತಲೆ ಕೆಟ್ಟಿತಾ? ಇದ್ದ ಬೇಲಿ ಯಾಕೆ ಕೀಳುವುದು?" ಬಾಯ್ ಎಂದು ಕರೆಯುವ ಈ ಅಕ್ಕನೆಂದರೆ ಅವನಿಗೆ ಚಿಕ್ಕಂದಿನಿಂದ ಇದೇ ತಮಾಷೆ. ಕಾರಣ ಹೇಳಿದೆ. ಸುಮ್ಮನೆ ಒಳಗೆ ಹೋಗಿ ಬನಿಯನ್ನಿನಲ್ಲಿ ಬಂದ. ನನ್ನ ಕೈಯಿಂದ ಹಾರೆ ಕಿತ್ತುಕೊಂಡ.

ಮೊದಲ ಕಂಬದಲ್ಲಿ ಮೀನಿನಂಥ ಗುರುತು. ಎರಡನೆಯದರಲ್ಲಿ ತ್ರಿಕೋನ. ಮೂರು, ನಾಲ್ಕು — ಏನೂ ಕಾಣಲಿಲ್ಲ. ಐದರಲ್ಲಿ ಮತ್ತೆ ಮೀನು. ಇಪ್ಪತ್ತೇಳು ವರ್ಷ ಈ ಬೇಲಿ ದಾಟಿ ಓಡಾಡಿದ್ದೇನೆ. ಬುಡದಲ್ಲಿ ಇಷ್ಟು ಜನ ಇದ್ದಾರೆಂದು ಗೊತ್ತೇ ಇರಲಿಲ್ಲ.

ಹನ್ನೊಂದನೆಯದು ಕೀಳುವಾಗಲೇ ಮುರಿಯಿತು. ಬುಡದ ಎರಡಡಿ ತುಂಡು ಮಣ್ಣಲ್ಲೇ ಉಳಿಯಿತು. ಡೆರಿಕ್ ಕೈಹಾಕಿ ಎತ್ತಿದ, ನಾನು ನೀರು ಹೊಯ್ದೆ. ಕೆಸರು ಇಳಿಯಿತು.

ಮೂರು ಗೆರೆ. ಮೇಲೊಂದು ಗುಳಿ.

ಗುಳಿಯಲ್ಲಿ ಬೆರಳಿಟ್ಟೆ. ಹೆಬ್ಬೆರಳಿನ ತುದಿ ಸರಿಯಾಗಿ ಕೂರುತ್ತದೆ. ಸಂತೋಷವೋ ಸಂಕಟವೋ ಗೊತ್ತಾಗಲಿಲ್ಲ, ಕೆಸರಲ್ಲೇ ಕೂತುಬಿಟ್ಟೆ. ಡೆರಿಕ್ ಏನೂ ತಮಾಷೆ ಮಾಡಲಿಲ್ಲ.

ಮಾರ್ಚ್ 12. ಬುಧವಾರ

ತುಂಡನ್ನು ಡೆರಿಕ್‌ನ ಪಿಕಪ್‌ನಲ್ಲಿ ಹೇರಿ ಉಡುಪಿಯ ಕಚೇರಿಗೆ. ಪ್ರತೀಕ್ ಹೊರಗೆ ಬಂದ. ಪ್ರೂಫಿನಲ್ಲಿದ್ದ ಚಿತ್ರ ನೋಡಿದ, ಕಲ್ಲು ನೋಡಿದ, ಮತ್ತೆ ಚಿತ್ರ ನೋಡಿದ.

"ಫೈಲಿಗೆ ಕಲ್ಲು ಹಾಕ್ಲಿಕ್ಕೆ ಆಗುವುದಿಲ್ಲ ಮೇಡಂ. ಆದ್ರೆ ಫೋಟೋ ಹಾಕ್ಬಹುದು." ತಾನೇ ನಾಲ್ಕು ಫೋಟೋ ತೆಗೆದ. "ಒಂದು ಕೆಲಸ ಮಾಡುವ. ಏಪ್ರಿಲ್ ಮೂರಕ್ಕೆ ಬೋರ್ಡ್ ಕೂರ್ತದೆ. ಅವರನ್ನೇ ಕರ್ಕೊಂಡು ಬನ್ನಿ. ಡಾಕ್ಟ್ರ ಎದುರು ಅವರ ಬಾಯಲ್ಲೇ ಹೇಳ್ಲಿ, ಆ ಗುರುತು ಬರೆದು ತೋರಿಸ್ಲಿ. ನಾನು ಪ್ರಯತ್ನ ಮಾಡ್ತೇನೆ."

ಶರಣಮ್ಮನಿಗೆ ಫೋನ್ ಮಾಡಿದೆ. ಫೋನನ್ನು ಅವನ ಕಿವಿಗೆ ಹಿಡಿದಳು. ಬರೀ ಉಸಿರು ಕೇಳಿತು. ಆಮೇಲೆ, "ಸಿಕ್ತೇನ್ರೀ?"

ಸಿಕ್ಕಿತು ರೇವಪ್ಪ.

ಇವತ್ತು ನಿದ್ದೆ ಬರಬಹುದು. ಇನ್ನು ಇಪ್ಪತ್ತೆರಡು ದಿನ.

ಮಾರ್ಚ್ 30. ಭಾನುವಾರ

ನಿನ್ನೆ ಬೆಳಿಗ್ಗೆ ಹೋದ.

ಕೂತಲ್ಲೇ. ಶರಣಮ್ಮ ಗಂಜಿ ಆರಿಸುತ್ತಿದ್ದಳಂತೆ.

ಊರಿಗೆ ಒಯ್ಯಲು ಆಗಲಿಲ್ಲ. ಕಾರ್ಕಳದಲ್ಲೇ ಮಣ್ಣು. ಆಸ್ಪತ್ರೆಯ ಕಾಗದ ಮಗ ಓದಿ ಹೇಳಿದ — "ಹಳೆಯ ಕ್ಷಯ." ಮೊಮ್ಮಗಳನ್ನು ಆಗಲೂ ದೂರವೇ ನಿಲ್ಲಿಸಿದ್ದರು.

ಮಣ್ಣು ಮಾಡಿದ ಮೇಲೆ ಶರಣಮ್ಮ ಕೇಳಿದಳು, "ಆ ಕಲ್ಲ ಎಲ್ಲಿ ಐತ್ರಿ?" ಡೆರಿಕ್ ಪಿಕಪ್‌ನಲ್ಲಿ ತಂದುಕೊಟ್ಟ. ತಲೆಯ ಕಡೆ ನೆಟ್ಟರು. ಗುರುತು ಮೇಲೆ ಬರುವ ಹಾಗೆ.

ಏಪ್ರಿಲ್ 3

ಇವತ್ತು ಬೋರ್ಡ್ ಇತ್ತು.

ಏಪ್ರಿಲ್ 11. ಶುಕ್ರವಾರ

ಪ್ರತೀಕ್ ತಾನಾಗಿಯೇ ಫೋನ್ ಮಾಡಿದ. ಹೆಂಡತಿಯ ಹೆಸರಿನಲ್ಲಿ ಫೈಲ್ ಮುಂದುವರಿಸಬಹುದಂತೆ. ಶರಣಮ್ಮನನ್ನು ಕರೆದುಕೊಂಡು ಹೋದೆ.

"ಗಂಡನ ಹೆಸರು?" ಎಂದು ಕೇಳಿದ, ಹೊಸ ಫಾರ್ಮಿನ ಮೇಲೆ ಪೆನ್ನು ಹಿಡಿದು.

ಅವಳು ತಲೆ ತಗ್ಗಿಸಿದಳು. ಸೆರಗು ಬಾಯಿಗೆ ಹಿಡಿದಳು. ಸತ್ತ ಮೇಲೂ ಹೇಳುವಂತಿಲ್ಲ. ನನ್ನ ಕಡೆ ತಿರುಗಿ, "ನೀವ ಹೇಳ್ರಿ ಅಕ್ಕಾರ."

ರೇವಪ್ಪ, ಎಂದೆ. ಅವನ ಅಪ್ಪನ ಹೆಸರೂ ಹೇಳಿದೆ, ಊರೂ ಹೇಳಿದೆ. ಪ್ರತೀಕ್ ಬರೆದುಕೊಂಡ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಹೆಸರನ್ನು ನನ್ನ ಬಾಯಿಂದಲೇ ಒಂದು ಸರ್ಕಾರಿ ಕಾಗದಕ್ಕೆ ಹತ್ತಿಸಿದೆ.

"ಅವರು ಇಲ್ಲದ ಕಾರಣ ಇನ್ನು ಜೊತೆಗೆ ಕೆಲಸ ಮಾಡಿದ ಇಬ್ಬರ ಅಫಿಡವಿಟ್ ಬೇಕೇ ಬೇಕು ಮೇಡಂ. ಒಬ್ಬರಲ್ಲ, ಇಬ್ಬರು. ತಿಂಗಳ ಕೊನೆಯೊಳಗೆ ಕೊಟ್ರೆ ಕ್ಷಯ ಅನ್ನುವುದನ್ನು ತೆಗೆದು ಧೂಳು ಅಂತ ಮಾಡ್ಲಿಕ್ಕೆ ನೋಡುವ."

ಬಸ್‌ಸ್ಟ್ಯಾಂಡಿನಲ್ಲಿ ಶರಣಮ್ಮ ಹೇಳಿದಳು, "ನನಗ ಪಿಂಚಣಿ ಬರ್ಲಿ ಬಿಡ್ಲಿ. ಕೂಸು ದೊಡ್ಡಾಕಿ ಆದ ಮ್ಯಾಲ ನಮ್ಮಜ್ಜ ಅಂಟೂ ರೋಗದಾಗ ಸತ್ತ ಅನ್ನಬಾರ್ದು."

ಏಪ್ರಿಲ್ 16. ಬುಧವಾರ

ಬೋರಿನ ಕೆಲಸದಲ್ಲಿ ರೇವಪ್ಪನ ಜೊತೆ ಇದ್ದವರು ನಾಲ್ವರು. ಅದು ಶರಣಮ್ಮ ಊರಿಂದ ಬರುವ ಮೊದಲಿನ ಮಾತು, ಅವಳಿಗೆ ಅವರಾರೂ ಗೊತ್ತಿಲ್ಲ. ನನಗೆ ಗೊತ್ತು. ನಾಲ್ವರನ್ನೂ ಮಾತಾಡಿಸಿದ್ದೆ. ಇಬ್ಬರು ಸತ್ತರು, ಇದೇ ರೋಗ. ಉಳಿದವರು ಇಬ್ಬರು ಹೆಂಗಸರು. ವಕ್ತೃ 19, ವಕ್ತೃ 22.

19 ಮರೆಮ್ಮ. ಹೆಸರು ನೆನಪಿತ್ತು, ದೇವರ ದಯೆ. ಉಚ್ಚಿಲದಲ್ಲಿ ಮೀನಿನ ಶೆಡ್ಡಿನ ಕೆಲಸಕ್ಕೆ ಹೋಗುತ್ತಾಳೆಂದು ಯಾರೋ ಹೇಳಿದರು. ಎರಡು ದಿನ ಹುಡುಕಿ ಹಿಡಿದೆ. ಕಡಲ್ಕೊರೆತಕ್ಕೆ ಹಾಕಿದ ಬಂಡೆಗಳ ಮೇಲೆ ಕೂತು ಊಟ ಮಾಡುತ್ತಿದ್ದಳು. ಆ ಬಂಡೆಗಳೂ ಕಾರ್ಕಳದವೇ. ರೇವಪ್ಪನ ಸುದ್ದಿ ಕೇಳಿ ತುತ್ತು ಕೆಳಗಿಟ್ಟಳು.

"ಹೆಬ್ಬಟ್ಟು ಒತ್ತತೀನ್ರಿ. ಎಲ್ಲಿ ಬೇಕಾದ್ರೂ ಬರ್ತೀನಿ. ಅವ ಬೋರ್ ಹೊಡೀತಿದ್ದ, ನಾವಿಬ್ರೂ ಪುಡಿ ಹೊರತಿದ್ವಿ."

"ಇನ್ನೊಬ್ಬಳು ಎಲ್ಲಿದ್ದಾಳೆ ಮರೆಮ್ಮ?"

"ಆಕಿ ಊರಿಗೆ ಹೋಗ್ಯಾಳ್ರಿ. ಬಳ್ಳಾರಿಯಾಕಿ. ಊರು ಸಂಡೂರ ಹತ್ರ. ಅಲ್ಲಿ ನನ್ನ ಅಳಿಯ ಅದಾನ, ಹೆಸರ ಹೇಳಿದ್ರ ಹುಡುಕಸ್ತಾನ."

"ಹೆಸರೇನು ಅವಳದು?"

ಮರೆಮ್ಮ ನನ್ನ ಮುಖ ನೋಡಿದಳು. "ನಾವು ಬಳ್ಳಾರಿಯಾಕಿ ಅಂತಿದ್ವಿ. ಎಲ್ಲಾರೂ ಹಂಗ ಕರೀತಿದ್ರು. ಹೆಸರ ನೀವ ಕೇಳಿದ್ರೆಲ್ರೀ ಅಕ್ಕಾರ... ನೀವ ಬರಕೊಂಡಿದ್ರಿ."

ಏಪ್ರಿಲ್ 17. ಗುರುವಾರ. ಬೆಳಿಗ್ಗೆ 5.10

ಪ್ರಕಾಶಕರಿಗೆ ಮೇಲ್ ಹಾಕಿದೆ, ಪುಸ್ತಕ ನಿಲ್ಲಿಸಿ ಎಂದು. ಆಮೇಲಿನದು ಆಮೇಲೆ.

ಈಗ ನೆನಪಿನಿಂದ ಬರೆಯುತ್ತೇನೆ. ಕ್ರಮವಾಗಿ ಬರೆದರೆ ಬರಬಹುದು. ಒಂದರ ಕೈ ಹಿಡಿದು ಇನ್ನೊಂದು ಬರಲಿ.

1 — ದುರುಗಪ್ಪ. 2 — ಅವನ ತಂಗಿ ಹುಲಿಗೆಮ್ಮ. 3 — ಮುತ್ತುರಾಜ. ಲಾರಿ ಹತ್ತಿದವ. 4 — ಜಲ್ಲಿ ಒಡೆಯುತ್ತಿದ್ದ ಅಪ್ಪಿ, ಬೈಲೂರಿನ ಕಡೆಯವಳು. 5 — ಯಮನಪ್ಪ. 6, 7 — ಗಂಡ ಹೆಂಡತಿ, ಗಂಡ ದ್ಯಾಮಣ್ಣ, ಹೆಂಡತಿ... ನೀಲವ್ವ. ಹೌದು ನೀಲವ್ವ.

ಬರುತ್ತಿದೆ.

14 — ರೇವಪ್ಪ. 19 — ಮರೆಮ್ಮ. 20 — ಫಕೀರಪ್ಪ, ತೀರಿಕೊಂಡ. 21 — ಸಣ್ಣ ಯಂಕಪ್ಪ, ತೀರಿಕೊಂಡ.

22 — ಹೆಂಗಸು. ಎಡಗೈಯಲ್ಲಿ ಎರಡು ಬೆರಳಿಲ್ಲ. ನಕ್ಕರೆ ಬಾಯಿಗೆ ಸೆರಗು. ಹೊರಡುವಾಗ ಪೇಪರಿನಲ್ಲಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು, ಒಂದು ವಾರ ತಿಂದೆ. ಹೆಸರು ಕೇಳಿದಾಗ ನಾಚಿಕೊಂಡಳು. ಯಾರೂ ಕೇಳೂದಿಲ್ಲ ಬಿಡ್ರಿ ಎಂದಳು. ಎರಡು ಸಲ ಹೇಳಿಸಿದ್ದೆ, ತಪ್ಪಿಲ್ಲದೆ ಬರೆಯಬೇಕೆಂದು. ಚಿಕ್ಕ ಹೆಸರು. ಬರೆದು ಓದಿ ಹೇಳಿದೆ, ಹೂಂ ಎಂದು ತಲೆಯಾಡಿಸಿದಳು. ಮೊದಲ ಅಕ್ಷರ ಹ... ಅಲ್ಲ. ಗ. ಗಂ —